ಗುಡ್ಡದ ಬಂಗಲೆ, ಬಿಡುವಿನ ಕಣ್ಣು

ಮೆಡೋಸ್ ಟೇಲರನ ಹೆಸರು ಕೇಳಿದೊಡನೆ ಇಂಗ್ಲಿಷ್ ಸಾಹಿತ್ಯದ ಪರಿಚಯವುಳ್ಳ ವಾಚಕರಿಗೆ ನೆನಪಾಗುವುದು 1839ರಲ್ಲಿ ಹೊರಬಂದು ಅವನಿಗೆ ಒಮ್ಮೆಲೇ ಕೀರ್ತಿ ತಂದ ಠಕ್ಕರ ಕಾದಂಬರಿ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರಿಗೆ ಹಾಗಲ್ಲ. ಅವರಿಗೆ ಟೇಲರನೆಂದರೆ ಮೊದಲು ಒಂದು ಮನೆ. ಸುರಪುರದ ಪೇಟೆಯನ್ನು ಕೆಳಗಿಟ್ಟುಕೊಂಡು ಬಂಡೆಗಲ್ಲುಗಳ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಅವನ ಒಂದು ಪುಸ್ತಕವನ್ನೂ ಮುಟ್ಟದವರು ಕೂಡ ಆ ಮನೆಯನ್ನು ಬೆರಳು ಮಾಡಿ ತೋರಿಸಬಲ್ಲರು. ಗ್ರಂಥಕರ್ತನಿಗಿಂತ ಅವನ ಮನೆಯೇ ಹೆಚ್ಚು ಪ್ರಸಿದ್ಧವಾಗಿರುವ ಊರುಗಳು ನಮ್ಮ ನಾಡಿನಲ್ಲಿ ಬಹಳ ಇರಲಾರವು.

ಆ ಮನೆಯ ಯಜಮಾನನ ಆತ್ಮಕಥೆ ಪ್ರಕಟವಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಸಂಪಾದಿಸಿದವಳು ಮಗಳು ಅಲಿಸ್. ಇಂಗ್ಲಿಷ್ ವಿಮರ್ಶಕರು ಈ ಪುಸ್ತಕವನ್ನು ಸಾಮಾನ್ಯವಾಗಿ ಓದುವುದು ಸ್ವಂತ ದುಡಿಮೆಯಿಂದ ಮೇಲೆ ಬಂದ ಒಬ್ಬ ಸಜ್ಜನ ಅಧಿಕಾರಿಯ ಚರಿತ್ರೆಯೆಂದು. ಅದು ಸುಳ್ಳಲ್ಲ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಹುಡುಗ 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದಿಳಿದವನು. ಅಲ್ಲಿಂದ ನಿಜಾಮನ ಸೈನ್ಯ ಸೇರಿದ. ಕಾಲೇಜಿನ ಮುಖ ಕಾಣದೆ ಭಾಷೆ, ಕಾನೂನು, ಭೂಮಾಪನಗಳನ್ನು ತಾನಾಗಿಯೇ ಕಲಿತ. ಸುರಪುರ ಸಂಸ್ಥಾನದಲ್ಲಿ ಅಪ್ರಾಪ್ತ ವಯಸ್ಸಿನ ದೊರೆಯ ಪರವಾಗಿ ಆಡಳಿತ ನೋಡಿಕೊಳ್ಳಲು ಬಂದು, 1841ರಿಂದ 1853ರ ವರೆಗೆ ಸುಮಾರು ಹನ್ನೆರಡು ವರ್ಷ ಅಲ್ಲಿ ನಿಂತ. ಲೆಕ್ಕಪತ್ರ ನೇರ್ಪಡಿಸಿದ, ಕೆರೆಕಟ್ಟೆಗಳತ್ತ ಗಮನ ಕೊಟ್ಟ. ಇದನ್ನೆಲ್ಲ ಎಷ್ಟೋ ಜನ ಬರೆದಿದ್ದಾರೆ. ನನಗೆ ಮುಖ್ಯವೆಂದು ತೋರುವುದು ಬೇರೆ. ಕಚೇರಿಯ ಕೆಲಸ ಮುಗಿದ ಮೇಲೆ ಆ ಗುಡ್ಡದ ಮನೆಯಲ್ಲಿ ಈ ಮನುಷ್ಯ ಏನು ಮಾಡುತ್ತಿದ್ದ, ಏನನ್ನು ನೋಡುತ್ತಿದ್ದ, ನೋಡಿದ್ದಕ್ಕೆ ಯಾವ ಹೆಸರು ಕೊಟ್ಟ ಎಂಬುದು. ಅವನ ಶಕ್ತಿಯೂ ಅವನ ಸೋಲೂ ಅಲ್ಲಿಯೇ ಇವೆ.

ಮನೆಯಲ್ಲಿ ಅವನು ಹೆಚ್ಚುಕಡಿಮೆ ಒಂಟಿ. ಹೆಂಡತಿ ಮೇರಿ 1844ರಲ್ಲಿ ತೀರಿಕೊಂಡಳು. ಕೈಯಲ್ಲಿ ಪೆನ್ಸಿಲ್ ಇತ್ತು. ಚಿತ್ರ ಬರೆಯುವುದು ಅವನಿಗೆ ಮೊದಲಿಂದಲೂ ಹವ್ಯಾಸ. ದಖ್ಖನಿನ ದೃಶ್ಯಗಳ ಒಂದು ಚಿತ್ರಸಂಪುಟವನ್ನು 1837ರಲ್ಲಿಯೇ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದ. ಡಾಗೇರನು ಪ್ಯಾರಿಸಿನಲ್ಲಿ ಛಾಯಾಚಿತ್ರದ ಗುಟ್ಟನ್ನು ಬಯಲು ಮಾಡಿದ್ದು 1839ರಲ್ಲಿ. ಅದು ದಖ್ಖನಿನ ಮೂಲೆಗೆ ತಲುಪಲು ಇನ್ನೂ ಕಾಲ ಬೇಕಿತ್ತು. ಈಗಿನವರು ರಜೆಯ ದಿನ ಕ್ಯಾಮರಾ ಹೆಗಲಿಗೇರಿಸಿ ಗುಡ್ಡ ಹತ್ತುವಂತೆ ಆತ ಕಾಗದ ಹಿಡಿದು ಹೊರಡುತ್ತಿದ್ದನೆಂದರೆ ಅದು ಅತಿಶಯೋಕ್ತಿಯಾಗದು.

ಇಲ್ಲಿ ಒಂದು ಮಾತು ಹೇಳಬೇಕು. ಅದೇ ಸುರಪುರದಲ್ಲಿ, ಆ ಗುಡ್ಡದ ಬುಡದಲ್ಲಿ, ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಒಂದು ಚಿತ್ರಪರಂಪರೆಯಿತ್ತು. ಬಂಗಾರದ ರೇಕು, ಕೂದಲೆಳೆಯಂಥ ಗೆರೆ, ಅಂಗೈಯಗಲದಲ್ಲಿ ಒಂದು ದರ್ಬಾರನ್ನೇ ಹಿಡಿಸುವ ಜಾಣ್ಮೆ. ದೇವರು, ದೊರೆ, ಸವಾರಿ, ಶೃಂಗಾರ ಇವು ಆ ಚಿತ್ರಗಾರರ ವಸ್ತು. ಬಂಡೆಯನ್ನು ಬಂಡೆಗಾಗಿಯೇ ಬರೆಯುವ ಉಮೇದು ಅವರಿಗೆ ಇರಲಿಲ್ಲ; ಇರಬೇಕೆಂದೂ ಇಲ್ಲ. ಗುಡ್ಡ ಅವರಿಗೆ ದಿನಾ ಕಟ್ಟಿಗೆ ತರುವ, ಜಾತ್ರೆಗೆ ಏರುವ ಜಾಗ. ಅದನ್ನು ದೂರ ನಿಂತು ‘ದೃಶ್ಯ’ವೆಂದು ನೋಡಲು ಬಿಡುವು ಬೇಕು, ಪರಸ್ಥಳದವನ ಕಣ್ಣು ಬೇಕು, ಎತ್ತರದಲ್ಲಿ ಒಂದು ವರಾಂಡವೂ ಬೇಕು. ಟೇಲರನಿಗೆ ಮೂರೂ ಇದ್ದವು. ಮೂರನ್ನೂ ಅವನಿಗೆ ಒದಗಿಸಿದ್ದು ಅವನ ಅಧಿಕಾರವೇ ಎಂಬುದನ್ನು ಅವನ ಪುಸ್ತಕ ಒಮ್ಮೆಯೂ ಗಟ್ಟಿಯಾಗಿ ಹೇಳುವುದಿಲ್ಲ.

ಆದರೂ ಆ ಕಣ್ಣು ಎಂಥದು! ಶಹಾಪುರದ ಹತ್ತಿರ ವಿಭೂತಿಹಳ್ಳಿಯೆಂಬ ಊರಿದೆ. ಅಲ್ಲಿಯ ಬಯಲಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳು ಚದುರಂಗದ ಮಣೆಯ ಮನೆಗಳಂತೆ ಲೆಕ್ಕ ತಪ್ಪದ ಸಾಲುಗಳಲ್ಲಿ ನಿಂತಿವೆ. ದನ ಕಾಯುವವರಿಗೆ ಅವು ಕಲ್ಲು. ದಾರಿಹೋಕರಿಗೆ ಅವು ಕಲ್ಲೂ ಅಲ್ಲ. ಇವು ತಾವಾಗಿ ಬಿದ್ದವಲ್ಲ, ಯಾರೋ ತಂದು ಸಾಲುಗೂಡಿಸಿದವು ಎಂದು ಗಮನಿಸಿ, ಅಳೆದು, ಎಣಿಸಿ ಬರೆದಿಟ್ಟವನು ಟೇಲರ್. ರಾಜನಕೋಳೂರಿನ ಕಲ್ಲುಮನೆಗಳನ್ನೂ ಹಾಗೆಯೇ ದಾಖಲೆ ಮಾಡಿದ. ಭೀಮಾ ತೀರದ ಜೇವರ್ಗಿಯಲ್ಲಿ ಹಳೆಯ ಗೋರಿಗುಪ್ಪೆಗಳನ್ನು ಅಗೆಸಿ, ಯಾವ ಮಣ್ಣಿನ ಪದರದ ಕೆಳಗೆ ಯಾವ ಪದರ, ಮಡಕೆ ಎಲ್ಲಿ, ಎಲುಬು ಎಲ್ಲಿ ಎಂದು ಗುಪ್ಪೆಯನ್ನು ಮೇಲಿಂದ ಕೆಳಕ್ಕೆ ಕೊಯ್ದು ತೋರಿಸುವಂಥ ಚಿತ್ರ ಬರೆದ. ಈ ಲೇಖನಗಳು 1851 ಮತ್ತು 1853ರಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ಮುಂದೆ 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಬಂದವು. ಆಗ ಯುರೋಪಿನಲ್ಲಿಯೇ ಅಗೆತವೆಂದರೆ ಬಹುತೇಕ ಒಡವೆ ಹುಡುಕುವ ಕೆಲಸ. ನೂರು ವರ್ಷ ಕಳೆದ ಮೇಲೆ ಮಾರ್ಟಿಮರ್ ವ್ಹೀಲರರಂಥ ಕಟ್ಟುನಿಟ್ಟಿನ ಪಂಡಿತರು ಟೇಲರನ ಆ ಚಿತ್ರಗಳನ್ನು ಕಂಡು ತಲೆದೂಗಿದರೆಂದರೆ ಅವುಗಳ ಬೆಲೆ ತಿಳಿಯುತ್ತದೆ. 1956ರಲ್ಲಿ ಆಲ್ಚಿನ್ ಅವರು ಈ ಸೀಮೆಯ ಕಲ್ಲುಸಾಲುಗಳ ಬಗ್ಗೆ ಬರೆದಾಗ ಟೇಲರನ ದಾರಿಯನ್ನೇ ಮುಂದುವರಿಸಿದರು.

ಗದ್ಯವಾಗಿಯೂ ಈ ಲೇಖನಗಳು ಟೇಲರನ ಕಾದಂಬರಿಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ‘ತಾರಾ’ದಲ್ಲಾಗಲಿ ಅವನು ತೀರಿಕೊಂಡ ಮೇಲೆ 1878ರಲ್ಲಿ ಬಂದ ಚಾಂದಬೀಬಿಯ ಕಾದಂಬರಿಯಲ್ಲಾಗಲಿ ಅವನಿಗೆ ಗೊತ್ತಿದ್ದ ಸೀಮೆಯೇ ಬರುತ್ತದೆ, ಆದರೆ ಜರಿಯಂಚಿನ ಉಡುಪು ತೊಟ್ಟು ಬರುತ್ತದೆ. ಸೂರ್ಯಾಸ್ತಕ್ಕೆ ಬಣ್ಣ ಹೆಚ್ಚು, ಸಂಭಾಷಣೆಗೆ ಅಲಂಕಾರ ಹೆಚ್ಚು. ಕಲ್ಲಿನ ಮುಂದೆ ನಿಂತಾಗ ಇದೊಂದೂ ಇಲ್ಲ. ಎಷ್ಟು ಅಡಿ ಉದ್ದ, ಯಾವ ದಿಕ್ಕಿಗೆ ಮುಖ, ಇಷ್ಟೇ. ಓದುಗನನ್ನು ಮೆಚ್ಚಿಸುವ ಆತುರವಿಲ್ಲದ ಕಡೆ ಅವನ ವಾಕ್ಯಗಳು ನೆಟ್ಟಗೆ ನಿಲ್ಲುತ್ತವೆ.

ಆದರೆ ನೋಡಿದ್ದಕ್ಕೆ ಹೆಸರಿಡುವ ಹೊತ್ತು ಬಂತೆಂದರೆ ಅವನು ಎಡವುತ್ತಾನೆ. ಸುರಪುರದ ಈ ಗೋರಿಗಲ್ಲುಗಳಿಗೂ ಬ್ರಿಟನ್, ಐರ್ಲೆಂಡುಗಳ ಕಲ್ಲುಗಳಿಗೂ ಹೋಲಿಕೆ ಕಂಡು, ಇವು ಶಕರದೂ ಡ್ರೂಯಿಡರದೂ ಸಂತತಿಯ ಗುರುತುಗಳೆಂದು ತೀರ್ಮಾನಿಸಿದ. ಇಲ್ಲಿಯ ಹಳಬರು ತಮ್ಮ ಸತ್ತವರಿಗೆ ತಾವೇ ಕಲ್ಲು ನಿಲ್ಲಿಸಿರಬಹುದೆಂಬ ಸರಳ ಸಂಗತಿ ಅವನಿಗೆ ಸಾಲದಾಯಿತು. ಇಂದು ಆ ಹೆಸರು ಯಾರಿಗೂ ಬೇಡ; ದಕ್ಷಿಣದ ಈ ಬೃಹತ್ ಶಿಲೆಯ ಗೋರಿಗಳು ಬಹುಪಾಲು ಕಬ್ಬಿಣಯುಗದವೆಂದು ಒಪ್ಪಿಕೊಂಡಿದ್ದಾರೆ. ಅದೇ ಸುರಪುರ ಸೀಮೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಅಲೆದು, ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ನೆಲೆಯನ್ನೇ ಅಗೆದು ತೋರಿಸಿದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು. ಟೇಲರನು ಕುದುರೆಯ ಮೇಲೆ ಓಡಾಡಿದ ಸೀಮೆಯ ನೆಲದಲ್ಲಿ ಅಷ್ಟು ಹಳೆಯ ಮನುಷ್ಯರಿದ್ದರೆಂದು ಅವನ ಕಾಲದ ಯಾವ ವಿದ್ವಾಂಸನೂ ಊಹಿಸುವಂತಿರಲಿಲ್ಲ. ಅದು ಅವನ ತಪ್ಪಲ್ಲ. ಕಂಡದ್ದನ್ನು ಕಂಡಷ್ಟಕ್ಕೇ ಬಿಡಲಾರದೆ, ತನ್ನ ದೇಶದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದು ಮಾತ್ರ ಅವನದೇ.

ಈ ಚೀಟಿ ಅಂಟಿಸುವ ಅಭ್ಯಾಸ ಮುಂದೆ ಅವನಿಗೆ ಉದ್ಯೋಗವೇ ಆಯಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಪೆನ್ಸಿಲ್ಲಿನ ಕಾಲ ಹೋಗಿ ಕ್ಯಾಮರಾದ ಕಾಲ ಬಂದಿತ್ತು. ಅಧಿಕಾರಿಗಳು ಬಿಡುವಿನಲ್ಲಿ ತೆಗೆದ ಛಾಯಾಚಿತ್ರಗಳು ಪೆಟ್ಟಿಗೆಗಟ್ಟಲೆ ಲಂಡನ್ನಿಗೆ ಸೇರುತ್ತಿದ್ದವು. 1866ರಲ್ಲಿ ವಿಜಾಪುರದ ಕಟ್ಟಡಗಳ ಒಂದು ಭಾರಿ ಸಂಪುಟ, ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಇನ್ನೊಂದು ಸಂಪುಟ ಹೊರಬಂದಾಗ ಅವಕ್ಕೆ ಚರಿತ್ರೆಯ ಭಾಗ ಬರೆದವನು ಟೇಲರ್. ಶಿಲ್ಪದ ಟಿಪ್ಪಣಿ ಫರ್ಗುಸನ್ನನದು. ಕರ್ನಾಟಕದ ದೇಗುಲಗಳ ಮೊದಮೊದಲ ಛಾಯಾಚಿತ್ರಗಳ ಈ ಪುಸ್ತಕಗಳನ್ನು ಇಂದು ನೋಡಿದರೂ ಮೈ ಜುಮ್ಮೆನ್ನುತ್ತದೆ. ಗಾರೆ ಬಳಿಯದ, ಬೇಲಿ ಹಾಕದ, ಬಾಗಿಲಲ್ಲಿ ಮುಳ್ಳುಕಂಟಿ ಬೆಳೆದ ಗುಡಿಗಳು! ಇಲ್ಲಿ ಟೇಲರನ ಬರಹದಿಂದ ಕೇಡೇನೂ ಆಗಲಿಲ್ಲ.

ಕೇಡಾದದ್ದು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳಲ್ಲಿ. 1868ರಿಂದ 1875ರ ವರೆಗೆ ಹೊರಬಂದ, ನಾನೂರಕ್ಕೂ ಮಿಕ್ಕಿದ ಛಾಯಾಚಿತ್ರಗಳ ಈ ಗ್ರಂಥದ ಅಡಿಬರಹಗಳಲ್ಲಿ ಅನೇಕವು ಟೇಲರನ ಲೇಖನಿಯಿಂದ ಬಂದವು. ಜಾತಿಗೊಂದು, ಪಂಗಡಕ್ಕೊಂದು ಮುಖ. ಕೆಳಗೆ ಆ ಪಂಗಡದ ಗುಣದೋಷಗಳ ತೀರ್ಪು. ಇವರು ನಂಬಿಕಸ್ಥರು, ಇವರು ಕಳ್ಳರು, ಇವರು ಸೋಮಾರಿಗಳು ಎಂಬ ಧಾಟಿ. ಎದುರಿಗೆ ನಿಂತ ಒಬ್ಬ ಮನುಷ್ಯನನ್ನು ಇಡೀ ಪಂಗಡದ ಮಾದರಿಯನ್ನಾಗಿ ಮಾಡಿದ ಮೇಲೆ ಅವನ ಹೆಸರು ಯಾರಿಗೆ ಬೇಕು? 1869ರಲ್ಲಿ ಲಂಡನ್ನಿನಲ್ಲಿದ್ದ ಸರ್ ಸಯ್ಯದ್ ಅಹಮದ್ ಖಾನರು ಇಂಡಿಯಾ ಆಫೀಸಿನಲ್ಲಿ ಈ ಪುಸ್ತಕವನ್ನು ನೋಡಿದರು. ಮಗನು ಅದನ್ನು ತಿರುವಿಹಾಕುತ್ತಿದ್ದಾಗ ಇಂಗ್ಲಿಷ್ ತರುಣನೊಬ್ಬ ಬಂದು, ನೀವು ಹಿಂದೂಸ್ತಾನದವರೋ ಎಂದು ಕೇಳಿದ್ದಕ್ಕೆ ಹುಡುಗನ ಮುಖ ಕೆಂಪಾಗಿ, ತಾವು ಅಲ್ಲಿಯ ಮೂಲದವರಲ್ಲ, ತಮ್ಮ ಹಿರಿಯರು ಬೇರೆ ದೇಶದಿಂದ ಬಂದವರು ಎಂದು ಹೇಳಿ ಪಾರಾದನಂತೆ. ತಂದೆ ಈ ಪ್ರಸಂಗವನ್ನು ನೊಂದು ಬರೆದಿದ್ದಾರೆ. ಚಿತ್ರದ ಕೆಳಗಿನ ನಾಲ್ಕು ಸಾಲು ನೋಡುವವನ ಮುಖವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ವಿಭೂತಿಹಳ್ಳಿಯ ಕಲ್ಲನ್ನು ಒಂದೊಂದಾಗಿ ಎಣಿಸಿದವನು ಮನುಷ್ಯರನ್ನು ರಾಶಿಯಾಗಿ ನೋಡಿದ.

ಹಾಗೆಂದು ಒಬ್ಬ ಮನುಷ್ಯನನ್ನು ಹತ್ತಿರದಿಂದ ನೋಡಿದ್ದೇ ಇಲ್ಲವೆ? ನೋಡಿದ್ದಾನೆ. ಆತ್ಮಕಥೆಯ ಜೀವಾಳವೇ ಅದು. ರಾಣಿ ಈಶ್ವರಮ್ಮನ ಮಗ ರಾಜಾ ವೆಂಕಟಪ್ಪನಾಯಕ ಟೇಲರನ ಕಣ್ಣೆದುರಿಗೆ ಬೆಳೆದವನು, ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದವನು. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ಸಂಸ್ಥಾನ ಒಪ್ಪಿಸಿ ಟೇಲರ್ ಹೊರಟುಹೋದ. 1858ರ ಫೆಬ್ರವರಿಯಲ್ಲಿ ಸುರಪುರ ಇಂಗ್ಲಿಷರ ಮೇಲೆ ತಿರುಗಿಬಿತ್ತು. ದೊರೆ ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಗೆ ಹೋಗಿ ಟೇಲರ್ ಅವನನ್ನು ಕಂಡ ಭಾಗವನ್ನು ಕಣ್ಣು ಒದ್ದೆಯಾಗದೆ ಓದುವುದು ಕಷ್ಟ. ಗಲ್ಲಿನ ಶಿಕ್ಷೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಬಂಧನಕ್ಕೆ ನಿಂತಿತು. ಆದರೆ ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ತರುಣ ಬಲಿಯಾದ. ಆತ್ಮಹತ್ಯೆಯೋ, ಆಕಸ್ಮಿಕವೋ, ಬೇರೆ ಕೈವಾಡವೋ ಎಂಬ ಸಂದೇಹ ಇಂದಿಗೂ ಅಳಿದಿಲ್ಲ.

ಈ ಸಾವಿನ ಮುಂದೆ ಟೇಲರ್ ಏನು ಮಾಡುತ್ತಾನೆ? ಜಾತಕ ತೆಗೆಯುತ್ತಾನೆ. ದೊರೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ತೀರಿಕೊಳ್ಳುವನೆಂದು ಜಾತಕದಲ್ಲಿತ್ತು, ಆ ಗುಟ್ಟನ್ನು ಹಿಂದೆಯೇ ತನಗೆ ತಿಳಿಸಿದ್ದರು, ಅದು ಹಾಗೆಯೇ ನಡೆಯಿತು ಎಂದು ಹೇಳುತ್ತಾನೆ. ಕಥೆ ರೋಮಾಂಚಕಾರಿ, ವಿಲಾಯತಿಯ ವಾಚಕರಿಗೆ ಬೇಕಾದದ್ದೇ. ಆದರೆ ಮಣ್ಣಿನ ಪದರ ಬಿಡಿಸಿ ಬಿಡಿಸಿ ನೋಡುತ್ತಿದ್ದವನು ಇಲ್ಲಿ ಯಾಕೆ ಒಂದು ಪದರವನ್ನೂ ಬಿಡಿಸಲಿಲ್ಲ? ಮಗುವಾಗಿದ್ದಾಗಿನಿಂದ ಬೇರೆಯವರ ಆಡಳಿತದ ನೆರಳಲ್ಲಿ ಬೆಳೆಸಿದ ದೊರೆಗೆ ಆ ಆಡಳಿತದ ಮೇಲೆ ಸಿಟ್ಟು ಬಂದದ್ದೇಕೆ ಎಂದು ಕೇಳಿದ್ದರೆ ಉತ್ತರ ಅವನದೇ ಗುಡ್ಡದ ಮನೆಯ ವರೆಗೆ ಬರುತ್ತಿತ್ತು. ಜಾತಕ ಆ ದಾರಿಯನ್ನು ಮುಚ್ಚಿತು. ಅವನ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ. ದುಃಖವಿದ್ದುದರಿಂದಲೇ ಹಾಗೆ ಬರೆದನೆಂದು ತೋರುತ್ತದೆ.

ನಮ್ಮವರಲ್ಲಿ ಇಂಥ ಕಣ್ಣಿಗೆ ಹೋಲಿಕೆ ಹುಡುಕಿದರೆ ಪೂರ್ಣಚಂದ್ರ ತೇಜಸ್ವಿಯವರು ನೆನಪಾಗುತ್ತಾರೆ. ಅವರೂ ಪೇಟೆ ಬಿಟ್ಟು ಮೂಡಿಗೆರೆಯ ಗುಡ್ಡಗಾಡಿನಲ್ಲಿ ಮನೆ ಮಾಡಿದವರು, ಹಕ್ಕಿಯ ಒಂದು ಚಿತ್ರಕ್ಕಾಗಿ ದಿನಗಟ್ಟಲೆ ಕಾದವರು. ಆದರೆ ಅವರು ಅಲ್ಲಿಗೆ ಹೋದದ್ದು ಆಳುವುದಕ್ಕಲ್ಲ, ಬೇಸಾಯಕ್ಕೆ. ಅವರ ಹಕ್ಕಿಗಳ ಪುಸ್ತಕದಲ್ಲಿ ಹೆಸರುಗಳು ಕನ್ನಡದವು. ಅಲ್ಲಿ ಹಕ್ಕಿ ಯಾವ ಸಿದ್ಧಾಂತಕ್ಕೂ ಸಾಕ್ಷಿ ಹೇಳಬೇಕಾಗಿಲ್ಲ. ಇಬ್ಬರನ್ನೂ ತೂಗಿ ಅಂಕ ಕೊಡುವುದು ಸಲ್ಲದು. ಆದರೂ ಟೇಲರನ ಬರಹದಲ್ಲಿ ನಾವು ಬಯಸಿ ಕಾಣದಿರುವುದು ಏನೆಂದು ತೇಜಸ್ವಿಯವರನ್ನು ಓದಿದವರಿಗೆ ಕೂಡಲೇ ಹೊಳೆಯುತ್ತದೆ.

ಈಗ ಸುರಪುರ ಸೀಮೆಗೆ ಕ್ಯಾಮರಾ ಹಿಡಿದು ಬರುವವರಿಗೆ ಬರವಿಲ್ಲ. ಶಹಾಪುರದ ಗುಡ್ಡಸಾಲು ಮಲಗಿದ ಬುದ್ಧನಂತೆ ಕಾಣುವ ತಿರುವಿನಲ್ಲಿ ವಾಹನಗಳು ನಿಲ್ಲುತ್ತವೆ. ನಾಯಕರ ಕಾಲದ ಬೋನಾಳ ಕೆರೆ ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳ ಜೊತೆಗೆ ಉದ್ದ ಲೆನ್ಸಿನವರೂ ಬಂದಿಳಿಯುತ್ತಾರೆ. ಬಂದವರು ಒಂದು ಗಂಟೆ ಉಳಿಸಿಕೊಂಡು ವಿಭೂತಿಹಳ್ಳಿಗೂ ಹೋಗಲಿ. ಅಲ್ಲಿ ಬುದ್ಧನ ಮುಖವಿಲ್ಲ, ಬಣ್ಣವಿಲ್ಲ, ಒಂದು ಚೌಕಟ್ಟಿನಲ್ಲಿ ಹಿಡಿಯಲೂ ಆಗದು. ಟೇಲರನಂತೆ ನಡೆದು ಎಣಿಸಿದರೆ ಮಾತ್ರ ಸಾಲು ಕಾಣುತ್ತದೆ.

ಈ ಆತ್ಮಕಥೆಯ ಸುರಪುರದ ಅಧ್ಯಾಯಗಳನ್ನು ಕನ್ನಡದಲ್ಲಿ ಸಂಪಾದಿಸಿ ಕೊಡುವವರು ಅವಕ್ಕೆ ಕಲ್ಲುಗಳ ಲೇಖನಗಳನ್ನೂ ಅವನ ಕೈಯ ಚಿತ್ರಗಳನ್ನೂ ಜೋಡಿಸಬೇಕು. ಆಲ್ಚಿನ್, ಪದ್ದಯ್ಯ ಇವರು ಕಂಡದ್ದನ್ನು ಟಿಪ್ಪಣಿಯಾಗಿ ಕೊಡಬೇಕು. ದೊರೆಯ ಸಾವಿನ ಪುಟದ ಕೆಳಗೆ ಜಾತಕದ ಕಥೆಯ ಜೊತೆಗೆ ಸುರಪುರದವರು ಆ ಸಾವಿನ ಬಗ್ಗೆ ಹೇಳಿಕೊಂಡು ಬಂದದ್ದೂ ಅಚ್ಚಾಗಲಿ. ಆ ಒಂದು ಪುಟಕ್ಕಾದರೂ ಅಡಿಬರಹ ಊರವರದಾಗಿರಬೇಕು.