ದೂರ ಕೈಗೆ ತಿಳಿಯಬೇಕು

2021ರ ಆಗಸ್ಟ್ 7ರಂದು ತಿಪಟೂರಿನ ನಮ್ಮ ಮನೆಯಲ್ಲಿ ಕಾಫಿಗೂ ಮೊದಲೇ ಟಿವಿ ಹಾಕಿದ್ದೆವು. ಗಾಲ್ಫ್ ಗೊತ್ತಿಲ್ಲದವರೂ ಅಂದು ಬೆಂಗಳೂರಿನ ಅದಿತಿ ಅಶೋಕ್‌ಗಾಗಿ ಉಸಿರು ಬಿಗಿಹಿಡಿದು ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಕೆ 15 ಅಂಡರ್ ಪಾರ್, ನಾಲ್ಕನೇ ಸ್ಥಾನ. ಪದಕ ಒಂದೇ ಹೊಡೆತದ ದೂರದಲ್ಲಿ ತಪ್ಪಿತು. ಕೋವಿಡ್‌ನಿಂದ ಸೊರಗಿದ್ದ ಆಕೆಯ ಡ್ರೈವ್‌ಗಳು ಜೊತೆಗಾರ್ತಿಯರ ಚೆಂಡಿಗಿಂತ ಬಹಳ ಹಿಂದೆ ಬೀಳುತ್ತಿದ್ದವು. ಆ ಕೊರತೆ ತುಂಬಿದ್ದು ಪಟರ್, ಚೆಂಡನ್ನು ಗುಂಡಿಗೆ ಉರುಳಿಸುವ ಕೋಲು.

ಪಟಿಂಗ್ ಕಲಿಸುವವರು ದಿಕ್ಕಿನ ಮಾತೇ ಹೆಚ್ಚು ಆಡುತ್ತಾರೆ. ನನಗದು ಅರ್ಧ ಪಾಠ. ಮೂವತ್ತು ಅಡಿಯಿಂದ ನಮ್ಮಂಥವರು ಹೊಡೆದ ಚೆಂಡು ಪಕ್ಕಕ್ಕೆ ಒಂದಡಿ ಸರಿದರೆ, ಹಿಂದೆ ಮುಂದೆ ನಾಲ್ಕೈದು ಅಡಿ ತಪ್ಪುತ್ತದೆ. ಮೂರನೇ ಪಟ್ ಹುಟ್ಟುವುದು ಅಲ್ಲೇ. ನಾಸಾದಲ್ಲಿದ್ದು ಗಾಲ್ಫ್‌ಗೆ ಬಂದ ಅಮೆರಿಕದ ಡೇವ್ ಪೆಲ್ಜ್, ತಪ್ಪಿದ ಚೆಂಡು ಗುಂಡಿ ದಾಟಿ 17 ಇಂಚು ಹೋಗುವ ವೇಗವೇ ಸರಿ ಅಂದರು. ಹತ್ತಡಿಯೊಳಗೆ ಒಪ್ಪುತ್ತೇನೆ. ಉದ್ದದ ಪಟ್‌ಗೆ ಒಪ್ಪಲಾರೆ. ಗುಂಡಿಯ ಅಗಲ 4.25 ಇಂಚು, ಮೆಲ್ಲಗೆ ಬಂದ ಚೆಂಡು ಅಂಚಿನಿಂದಲೂ ಇಳಿಯುತ್ತದೆ, ರಭಸದ ಚೆಂಡು ನಡುವಿಗೇ ಬರಬೇಕು.

ದೂರ ಎರಡರಷ್ಟಾದರೆ ವೇಗವೂ ಎರಡರಷ್ಟು ಬೇಕೆಂದು ಕೈ ಅಂದುಕೊಳ್ಳುತ್ತದೆ. ಸಮತಟ್ಟಾದ ಹುಲ್ಲಿನ ಮೇಲೆ ಸುಮಾರು 1.4ರಷ್ಟು ಸಾಕು. ಈ ವೇಗದ ಲೆಕ್ಕವನ್ನು ಇಂಚುಪಟ್ಟಿ ಹಿಡಿದು ಕಲಿಸಿದ ಒಬ್ಬ ಶಿಕ್ಷಕರ ಬಳಿ ನಾನೂ ಹೋಗಿದ್ದೆ: ಪಟರ್ ಇಷ್ಟು ಇಂಚು ಹಿಂದೆ, ಇಷ್ಟು ಇಂಚು ಮುಂದೆ. ಬೆಳಗಿನ ಇಬ್ಬನಿಯಲ್ಲಿ ಹಿಡಿದ ಲೆಕ್ಕ ಮಧ್ಯಾಹ್ನದ ಒಣಹುಲ್ಲಿನಲ್ಲಿ ಕೈಕೊಟ್ಟಿತು.

ಗೋಲಿ ಆಡುವಾಗ ನಮಗೆ ಈ ಕಷ್ಟ ಇರಲಿಲ್ಲ. ಯಾರ ಗೋಲಿ ಗುಂಡಿಗೆ ಹತ್ತಿರವೋ ಅವರಿಗೆ ಮೊದಲ ಆಟ. ಸಗಣಿ ಸಾರಿಸಿದ ಅಂಗಳದಲ್ಲಿ ಗೋಲಿ ಜಾರುತ್ತಿತ್ತು, ತೋಟದ ಹಸಿ ಮಣ್ಣಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಕಣ್ಣು ಗುಂಡಿಯ ಮೇಲೆ, ಬೆರಳಿಗೆ ಅದರ ಪಾಡಿಗೆ ತಿಳಿಯುತ್ತಿತ್ತು. ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅದೂ ಇಂಥದೇ ಅರಿವು. ಸಾವಿರ ಕಾಯಿ ಅಲ್ಲಾಡಿಸಿದ ಮೇಲೆ ಬಂದದ್ದು.

ಹಾಗಾಗಿ ನಾನು ಮೆಚ್ಚುವ ಅಭ್ಯಾಸ ಒಂದೇ. ಗುಂಡಿಯನ್ನೇ ನೋಡುತ್ತ ಎರಡು ಸಲ ಬರಿದೇ ಪಟರ್ ಆಡಿಸಿ, ಆಮೇಲೆ ಹೊಡೆಯಬೇಕು. ತಲೆ ಎತ್ತಬಾರದು. ಚೆಂಡು ಉರುಳುತ್ತಿರುವಾಗಲೇ "ಕಮ್ಮಿ" ಅಥವಾ "ಜಾಸ್ತಿ" ಎಂದು ಬಾಯಿಬಿಟ್ಟು ಹೇಳಿ, ಆಮೇಲಷ್ಟೇ ನೋಡಬೇಕು. ಮೊದಲ ವಾರ ನನ್ನ ಊಹೆ ಹತ್ತಕ್ಕೆ ಐದೂ ಸರಿಯಿರಲಿಲ್ಲ. ಮೂರನೇ ತಿಂಗಳಿಗೆ, ನೋಡುವ ಮೊದಲೇ ಅಂಗೈಗೆ ಗೊತ್ತಾಗತೊಡಗಿತು.