ಸಹಿ ಹಾಕದ ಒಂದು ರಾತ್ರಿ

ಗದಗ-ಬೆಟಗೇರಿಯ ಪುಸ್ತಕದಂಗಡಿಯಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯ ಗೈಡ್ ತೆಗೆದು ನೋಡ್ರಿ, ಈ ಪ್ರಶ್ನೆ ಸಿಗ್ತದ: ಹಂಗಾಮಿ ರಾಷ್ಟ್ರಪತಿಯಾದ ಕನ್ನಡಿಗ ಯಾರು? ಉತ್ತರ, ಬಿ.ಡಿ. ಜತ್ತಿ. ಒಂದು ಅಂಕ. ಬಸಪ್ಪ ದಾನಪ್ಪ ಜತ್ತಿ ಅನ್ನೋ ಮನುಷ್ಯ ಆ ಕುರ್ಚಿಯಲ್ಲಿ ಕೂತು ಏನು ಮಾಡಿದರು, ಏನು ಮಾಡಲಿಲ್ಲ ಅನ್ನೋದು ಗೈಡಿಗೆ ಬೇಕಾಗಿಲ್ಲ.

ಹಿರಿಯರನ್ನು ಕೇಳಿದರೆ ಎರಡು ಮಾತು ಬರ್ತವೆ. ನಮ್ಮವರು, ಸಾದಾ ಮನುಷ್ಯ, ಇಂದಿರಾಗಾಂಧಿ ಸೋತ ಮೇಲೂ ದೆಹಲಿಯಲ್ಲಿ ಕಾನೂನು ಕೇಳಿದವರು ಅನ್ನೋದು ಒಂದು. ಏ ಬಿಡ್ರಿ, ಆಕೆ ಹೇಳಿದಲ್ಲಿ ಸಹಿ ಮಾಡಿದವರು, ಜನತಾ ಸರ್ಕಾರ ಬಂದಾಗ ಮಾತ್ರ ಪೆನ್ನು ಎತ್ತಲಿಲ್ಲ ಅನ್ನೋದು ಇನ್ನೊಂದು. ಇಬ್ಬರೂ ಸಾಕ್ಷಿಗೆ ತರೋದು 1977ರ ಏಪ್ರಿಲ್ ಕೊನೆಯ ಒಂದೇ ಒಂದು ರಾತ್ರಿಯನ್ನು. ನನ್ನ ತಕರಾರು ಇರೋದು ಅಲ್ಲೇ. ಜತ್ತಿಯವರ ಲೆಕ್ಕ ಆ ರಾತ್ರಿಯಿಂದ ಶುರುವಾಗಬಾರದು.

ಮೊದಲು ಸ್ವಲ್ಪ ಹಿನ್ನೆಲೆ. ಸ್ವಾತಂತ್ರ್ಯಕ್ಕೆ ಮುಂಚೆ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳು. ಜಮಖಂಡಿಯೂ ಅದೇ ಮನೆತನದ್ದು. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಜತ್ತಿ ಕೊಲ್ಹಾಪುರದಲ್ಲಿ ಕಾನೂನು ಓದಿದರು, ಜಮಖಂಡಿಯಲ್ಲಿ ವಕೀಲಿ ಮಾಡಿದರು, ಪುರಸಭೆ ಅಧ್ಯಕ್ಷರಾದರು, ಆಮೇಲೆ ಆ ಸಂಸ್ಥಾನದ ಮಂತ್ರಿಯೂ ದಿವಾನರೂ ಆದರು. 1948ರ ಮಾರ್ಚ್‌ನಲ್ಲಿ ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜತ್ತಿ ಮುಂಬಯಿಗೆ ಹೋಗಿ ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಉಪಮಂತ್ರಿಯಾದರು. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

1958ರಲ್ಲಿ ನಿಜಲಿಂಗಪ್ಪ ಕೆಳಗಿಳಿದಾಗ 45ರ ಜತ್ತಿ ಮೈಸೂರು ರಾಜ್ಯದ ಮುಖ್ಯಮಂತ್ರಿ. ಮುಂಬಯಿ ಕರ್ನಾಟಕದಿಂದ ಬಂದ ಮೊದಲಿಗರು. ಇಲ್ಲೇ ಅವರ ಸ್ವಭಾವ ಕಾಣಿಸುತ್ತೆ. 1957ರಲ್ಲಿ ನೇಮಕವಾದ ಭೂಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು, ಜತ್ತಿ ಸಮಿತಿ ಅಂತಲೇ ಹೆಸರು. ಆ ವರದಿಯಿಂದ 1961ರ ಕಾಯ್ದೆ ಹುಟ್ಟಿತು. ಜಾರಿಯಾದದ್ದು 1965ರಲ್ಲಿ! ಸಮಿತಿ ಕೂತಾಗಿನಿಂದ ಎಂಟು ವರ್ಷ. ಹೊಲದ ಒಡೆಯರಿಗೆ ಕಾಗದಪತ್ರ ಸರಿಮಾಡಿಕೊಳ್ಳಲಿಕ್ಕೆ, ಅಣ್ಣತಮ್ಮಂದಿರ ಹೆಸರಿಗೆ ಹಂಚಿಕೊಳ್ಳಲಿಕ್ಕೆ ಇದಕ್ಕಿಂತ ಹೆಚ್ಚು ಸಮಯ ಬೇಕೇನ್ರಿ? ಸ್ವಂತ ಸಾಗುವಳಿ ಅಂತ ಹೇಳಿ ಗೇಣಿದಾರನಿಂದ ಜಮೀನು ಹಿಂಪಡೆಯೋ ದಾರಿಯೂ ಕಾಯ್ದೆಯಲ್ಲೇ ಇತ್ತು. ಮಿತಿ 27 ಸ್ಟ್ಯಾಂಡರ್ಡ್ ಎಕರೆ, ನಮ್ಮ ಒಣಬೇಸಾಯದ ಎರಿ ಹೊಲಕ್ಕೆ ಲೆಕ್ಕ ಹಾಕಿದರೆ ಅದು ಹಲವು ಪಟ್ಟು. ನಮ್ಮ ಕಡೆ ಲಾವಣಿಗೆ ಹೊಲ ಮಾಡುತ್ತಿದ್ದವರು ಕುಳ ಕಾಯ್ದೆ ಅಂದಾಗ ಅರಸು ಅವರನ್ನು ನೆನೆಯೋದು ಸುಮ್ಮನೆ ಅಲ್ಲ. 1974ರ ತಿದ್ದುಪಡಿಯಲ್ಲಿ ಗೇಣಿ ಜಮೀನು ನೇರ ಸರ್ಕಾರಕ್ಕೆ ಸೇರಿತು, ಟ್ರಿಬ್ಯುನಲ್ ಬಂತು. ಜತ್ತಿ ಅಡಿಪಾಯ ಹಾಕಿದರು ಅನ್ನೋದು ನಿಜ. ಆದರೆ ಅಡಿಪಾಯ ಹಾಕುವಾಗಲೂ ಯಾರಿಗೂ ನೋವಾಗದ ಹಾಗೆ ಹಾಕಿದರು.

1962ರ ನಂತರ ನಿಜಲಿಂಗಪ್ಪ ಸಂಪುಟದಲ್ಲಿ ಹಣಕಾಸು, ಆಮೇಲೆ ಪಾಂಡಿಚೇರಿ, ಒಡಿಶಾ ರಾಜಭವನ, 1974ರ ಆಗಸ್ಟ್ 31ರಿಂದ ಉಪರಾಷ್ಟ್ರಪತಿ. ನಡುವೆ ಒಂದು ಮುಖ್ಯ ಕೆಲಸ: 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿ ಕಟ್ಟಿದರು. ಬಸವಣ್ಣನವರ ಹೆಸರಿನಲ್ಲಿ ಅವರು ಮಾಡಿದ ಸೇವೆಯನ್ನು ಯಾರೂ ಅಲ್ಲಗಳೆಯೋದಿಲ್ಲ, ನಾನೂ ಅಲ್ಲಗಳೆಯೋದಿಲ್ಲ. ಅದಕ್ಕೇ ಮುಂದಿನದು ಹೆಚ್ಚು ಚುಚ್ಚುತ್ತೆ.

ಉಪರಾಷ್ಟ್ರಪತಿ ಅಂದರೆ ರಾಜ್ಯಸಭೆಯ ಸಭಾಪತಿ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಆ ಸಭೆಯ ಸದಸ್ಯ ಎಲ್.ಕೆ. ಅಡ್ವಾಣಿಯವರನ್ನು ಹಿಡಿದದ್ದು ಬೆಂಗಳೂರಿನಲ್ಲಿ, ಸಂಸದೀಯ ಸಮಿತಿಯ ಸಭೆಗೆ ಬಂದಾಗ. ಇಟ್ಟದ್ದು ಸೆಂಟ್ರಲ್ ಜೈಲಿನಲ್ಲಿ. ನೀವು ಇವತ್ತು ಫ್ರೀಡಂ ಪಾರ್ಕ್ ಅಂತ ಕರೆಯೋ ಜಾಗ ಅದೇ. ತನ್ನ ಸದಸ್ಯ ತನ್ನದೇ ರಾಜ್ಯದ ಜೈಲಿನಲ್ಲಿ ಕೂತಿದ್ದಾಗ ಸಭಾಪತಿ ದೆಹಲಿಯಲ್ಲಿ ಕಲಾಪ ನಡೆಸುತ್ತಿದ್ದರು. 1976ರ ಆಗಸ್ಟ್ 10ರಂದು ಜತ್ತಿ ಸಂತಾಪ ಸೂಚನೆ ಓದುತ್ತಿದ್ದಾಗ ತಲೆಮರೆಸಿಕೊಂಡಿದ್ದ ಸುಬ್ರಮಣಿಯನ್ ಸ್ವಾಮಿ ಇದ್ದಕ್ಕಿದ್ದಂತೆ ಎದ್ದು ನಿಂತು, ಪಟ್ಟಿಯಲ್ಲಿ ಪ್ರಜಾಪ್ರಭುತ್ವದ ಹೆಸರು ಬಿಟ್ಟುಹೋಗಿದೆ ಅನ್ನೋ ಅರ್ಥದ ಮಾತು ಹೇಳಿ ಮಾಯವಾದರು. ನವೆಂಬರ್‌ನಲ್ಲಿ ಅವರನ್ನು ಸಭೆಯಿಂದಲೇ ಉಚ್ಚಾಟಿಸಲಾಯಿತು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಪಾರ್ಲಿಮೆಂಟ್ ಅಂತ ನಾವು ಭಾಷಣದಲ್ಲಿ ಹೇಳ್ತೀವಿ. ಬಸವ ಸಮಿತಿ ಕಟ್ಟಿದವರು ನಡೆಸಿದ ಪಾರ್ಲಿಮೆಂಟಿನಲ್ಲಿ ಮಾತಾಡೋರು ಜೈಲಿನಲ್ಲಿದ್ದರು.

ಸಭಾಪತಿ ಏನು ಮಾಡೋಕೆ ಆಗ್ತಿತ್ತು, ಓಟಿನ ಅಧಿಕಾರವೂ ಇಲ್ಲವಲ್ಲ ಅಂತ ಕೇಳಬಹುದು. ರಾಜೀನಾಮೆ ಕೊಡಬಹುದಿತ್ತು. ಅದಕ್ಕೆ ಯಾರ ಸಲಹೆಯೂ ಬೇಕಾಗಿರಲಿಲ್ಲ.

ಅದೇ ನವೆಂಬರ್‌ನಲ್ಲಿ ಅದೇ ಸಭೆ 42ನೇ ತಿದ್ದುಪಡಿಯನ್ನು ಪಾಸು ಮಾಡಿತು. ಅದರಲ್ಲಿ ಒಂದು ಸಣ್ಣ ಸಾಲು: ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಅಪ್ರೂವ್ ಬಟನ್ ಮಾತ್ರ ಇಟ್ಟು, ಕಾಮೆಂಟ್ ಹಾಕಿ ವಾಪಸ್ ಕಳಿಸೋ ಬಟನ್ ಕಿತ್ತುಹಾಕಿದ ಹಾಗೆ. ಮೂರು ತಿಂಗಳಿಗೆ, 1977ರ ಫೆಬ್ರವರಿ 11ರಂದು, ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಆ ಬಟನ್ ಮುಂದೆ ಜತ್ತಿಯವರೇ ಬಂದು ಕೂತರು.

ಮಾರ್ಚ್ 24ರಂದು ತಮ್ಮ ಹಳೆಯ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಗೆ ಪ್ರಧಾನಿ ಹುದ್ದೆಯ ಪ್ರಮಾಣವಚನ ಬೋಧಿಸಿದರು. ಏಪ್ರಿಲ್‌ನಲ್ಲಿ ಗೃಹಮಂತ್ರಿ ಚರಣ್ ಸಿಂಗ್ ಕಾಂಗ್ರೆಸ್ಸಿನ ಒಂಬತ್ತು ರಾಜ್ಯಗಳಿಗೆ ಪತ್ರ ಬರೆದರು: ಲೋಕಸಭೆಯಲ್ಲಿ ಜನ ನಿಮ್ಮನ್ನು ಸೋಲಿಸಿದ್ದಾರೆ, ವಿಧಾನಸಭೆ ವಿಸರ್ಜಿಸಿ. (ಕರ್ನಾಟಕ ಪಟ್ಟಿಯಲ್ಲಿರಲಿಲ್ಲ. ಇಲ್ಲಿ 28ರಲ್ಲಿ 26 ಕಾಂಗ್ರೆಸ್ ಗೆದ್ದಿತ್ತು.) ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, 29ರಂದು ಅಲ್ಲಿ ಸೋತವು. ಸಂಪುಟದ ಕಡತ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ಊರೆಲ್ಲ ಗದ್ದಲ. ಮರುದಿನ 30ರಂದು ಹಾಕಿದರು.

ಅವರ ಅನುಮಾನ ಸರಿಯಾಗೇ ಇತ್ತು ಅಂತ ನನಗನ್ನಿಸುತ್ತೆ. ಲೋಕಸಭೆಯ ಸೋಲಿಗೆ ವಿಧಾನಸಭೆಯ ತಲೆ ತೆಗೆಯೋದು ಯಾವ ನ್ಯಾಯ? 1980ರಲ್ಲಿ ಇಂದಿರಾಗಾಂಧಿ ವಾಪಸ್ ಬಂದು ಅದೇ ಆಟವನ್ನು ಒಂಬತ್ತೇ ರಾಜ್ಯಗಳ ಮೇಲೆ ಆಡಿದರು. 1989ರಲ್ಲಿ ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಸರ್ಕಾರವೂ 356ನೇ ವಿಧಿಗೆ ಬಲಿಯಾಯಿತು, 1994ರಲ್ಲಿ ಅವರ ಮೊಕದ್ದಮೆಯಲ್ಲೇ ಕೋರ್ಟು ಆ ವಿಧಿಗೆ ಮೂಗುದಾರ ಹಾಕಿತು. ಹೀಗೆ ನೋಡಿದರೆ ಜತ್ತಿ ಎಲ್ಲರಿಗಿಂತ ಮೊದಲೇ ಸರಿಯಾದ ಪ್ರಶ್ನೆ ಕೇಳಿದ್ದರು. ಆದರೆ ನಂಬೋರು ಯಾರು? ಎರಡು ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ಸಭೆ ನಡೆಸಿದವರು, ತಮ್ಮನ್ನು ಬೆಳೆಸಿದ ಪಕ್ಷದ ರಾಜ್ಯಗಳು ಹೋಗೋ ಹೊತ್ತಿಗೆ ಪ್ರಶ್ನೆ ಕೇಳಿದರೆ ಜನ ಅದನ್ನು ಸಂವಿಧಾನ ಅನ್ನೋದಿಲ್ಲ, ಋಣ ಅಂತಾರೆ. ಸರಿಯಾದ ಅನುಮಾನವನ್ನೂ ಅವರ ಹಳೆಯ ಮೌನವೇ ನುಂಗಿಹಾಕಿತು.

ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬಂದರು, ಜತ್ತಿ ಮತ್ತೆ ರಾಜ್ಯಸಭೆಗೆ. 1978ರಲ್ಲಿ 44ನೇ ತಿದ್ದುಪಡಿ ಬಂದಾಗಲೂ ಸಭಾಪತಿ ಅವರೇ. ಕಿತ್ತುಹಾಕಿದ್ದ ಬಟನ್ ಅದರಲ್ಲಿ ಬಂತು: ರಾಷ್ಟ್ರಪತಿ ಸಲಹೆಯನ್ನು ಮರುಪರಿಶೀಲನೆಗೆ ಒಂದು ಸಲ ವಾಪಸ್ ಕಳಿಸಬಹುದು. 1997ರ ಅಕ್ಟೋಬರ್‌ನಲ್ಲಿ ಕೆ.ಆರ್. ನಾರಾಯಣನ್ ಉತ್ತರ ಪ್ರದೇಶದ ಕಡತವನ್ನು ಹಾಗೇ ವಾಪಸ್ ಕಳಿಸಿದರು, ಗುಜ್ರಾಲ್ ಸರ್ಕಾರ ಸುಮ್ಮನಾಯಿತು. ಜತ್ತಿಯವರಿಗೆ ಆಗ 85 ವರ್ಷ.