ಗ್ರಹಣದ ನಂತರದ ಪುಟಗಳು

ನನ್ನ ಪಿಎಚ್‌ಡಿ ವಿಷಯ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕನ್ನಡ ಕಾದಂಬರಿಗಳು. ದಿನದ ಬಹುಪಾಲು ಗ್ರಂಥಾಲಯದ ಹಳೆಯ ಬೈಂಡುಗಳ ನಡುವೆ, 'ಮುಂದಿನ ವಾರಕ್ಕೆ' ಎಂಬ ಸಾಲನ್ನು ನೋಡುತ್ತಾ ಕಳೆಯುತ್ತದೆ. ಆ ಸಾಲು ಅಂದಿನ ಓದುಗರನ್ನು ಏಳು ದಿನ ಕಾಯಿಸುತ್ತಿತ್ತು. ನಾನು ಪುಟ ತಿರುವಿ ಮುಂದಿನ ವಾರಕ್ಕೆ ಹೋಗಿಬಿಡುತ್ತೇನೆ. ಇದರಿಂದ ಓದೇ ಬೇರೆಯಾಗುತ್ತದೆ ಎಂದು ನನಗೆ ಮನವರಿಕೆಯಾದದ್ದು ಮಾತ್ರ ಯಾವ ಕನ್ನಡ ಕಾದಂಬರಿಯಿಂದಲೂ ಅಲ್ಲ, ಜಪಾನಿನ ಒಂದು ಕಾಮಿಕ್ಸಿನಿಂದ.

ಕೆಂಟಾರೋ ಮಿಯುರಾ ಅವರ 'ಬರ್ಸರ್ಕ್' ಶುರುವಾದದ್ದು 1989ರಲ್ಲಿ. ಮೊದಲು 'ಆನಿಮಲ್ ಹೌಸ್', ಆಮೇಲೆ 'ಯಂಗ್ ಆನಿಮಲ್' ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಈ ಮಾಂಗಾದ ಸಂಪುಟಗಳು ಈಗ ನಲವತ್ತನ್ನು ದಾಟಿವೆ. 2021ರ ಮೇ 6ರಂದು ಮಿಯುರಾ ತಮ್ಮ 54ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕಥೆ ಮುಗಿದಿರಲಿಲ್ಲ. ಗೆಳೆಯನೊಬ್ಬ ಇಂಗ್ಲಿಷ್ ಅನುವಾದದ ಸಂಪುಟಗಳನ್ನು ಮೂರು ನಾಲ್ಕರಂತೆ ಕೊಡುತ್ತಾ ಹೋದ. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಅಭ್ಯಾಸವಿಲ್ಲದ ನಾನು ಮೊದಲ ಕೆಲವು ಪುಟಗಳಲ್ಲಿ ಉತ್ತರವನ್ನು ಮೊದಲು, ಪ್ರಶ್ನೆಯನ್ನು ಆಮೇಲೆ ಓದಿಕೊಂಡೆ.

ಮೊದಲ ಸಂಪುಟಗಳು ನನಗೆ ಹಿಡಿಸಲಿಲ್ಲ. ಒಕ್ಕಣ್ಣಿನ, ಒಂದು ಕೈ ಕಳೆದುಕೊಂಡ ಗಟ್ಸ್ ಎಂಬ ಯೋಧ ತನಗಿಂತ ಎತ್ತರದ ಕತ್ತಿ ಹೊತ್ತು ರಾಕ್ಷಸರನ್ನು ಸೀಳುತ್ತಾ ತಿರುಗುತ್ತಾನೆ. ತನ್ನಿಂದಾಗಿ ಸಾಯುವ ಅಮಾಯಕರ ಬಗ್ಗೆ ಕನಿಕರದ ಮಾತಿಲ್ಲ. ಮೂರನೇ ಸಂಪುಟದಲ್ಲಿ ಕಥೆ ಹಿಂದಕ್ಕೆ ಹೋಗಿ, ಇವನು ಹೀಗೇಕಾದ ಎಂದು ಹೇಳಲು ಶುರುಮಾಡುತ್ತದೆ. ನೇಣುಹಾಕಲಾದ ತಾಯಿಯ ಶವದಿಂದ ಕೆಸರಿಗೆ ಬಿದ್ದ ಮಗು, ಕೂಲಿ ಸೈನಿಕರ ನಡುವೆ ಏಟು ತಿನ್ನುತ್ತಾ ಬೆಳೆದ ಹುಡುಗ, ಕೊನೆಗೆ ಗ್ರಿಫಿತ್ ಎಂಬ ಚೆಲುವ ನಾಯಕನ ಗಿಡುಗ ದಂಡಿಗೆ ಸೇರುತ್ತಾನೆ. ಅಲ್ಲಿ ಕಾಸ್ಕಾ ಇದ್ದಾಳೆ. ಗಂಡಸರ ದಂಡಿನಲ್ಲಿ ತನ್ನ ಕತ್ತಿಯ ಬಲದಿಂದಲೇ ದಳಪತಿಯಾದವಳು.

ಈ ಭಾಗ ಯಾವ ಒಳ್ಳೆಯ ಐತಿಹಾಸಿಕ ಕಾದಂಬರಿಗೂ ಕಡಿಮೆಯಲ್ಲ. ತನ್ನದೇ ಆದ ಕನಸಿರುವವನು ಮಾತ್ರ ತನಗೆ ಸಮನಾದ ಗೆಳೆಯ ಎಂದು ಗ್ರಿಫಿತ್ ಒಂದು ರಾತ್ರಿ ರಾಜಕುಮಾರಿಯೆದುರು ಹೇಳುತ್ತಾನೆ. ಅವನಿಗಾಗಿ ಆಗಷ್ಟೇ ಕೊಲೆ ಮಾಡಿ, ಅಡ್ಡ ಬಂದ ಒಬ್ಬ ಬಾಲಕನನ್ನೂ ಕೊಂದು ಬಂದ ಗಟ್ಸ್ ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾನೆ. ಮುಂದಿನ ಅನಾಹುತವೆಲ್ಲ ಹುಟ್ಟುವುದು ಆ ಮಾತಿನಿಂದ. ಗೆಳೆಯನಿಗೆ ಸಮನಾಗಲೆಂದೇ ಗಟ್ಸ್ ದಂಡು ಬಿಡುತ್ತಾನೆ. ಅವನು ಬಿಟ್ಟುಹೋದದ್ದನ್ನು ತಾಳಲಾರದೆ ಗ್ರಿಫಿತ್ ಕುಸಿಯುತ್ತಾನೆ.

ಆಮೇಲೆ ಬರುವುದು ಗ್ರಹಣ. ಸೂರ್ಯ ಕಪ್ಪಾದ ಹೊತ್ತಿನಲ್ಲಿ, ಕಳೆದುಹೋದ ಕನಸನ್ನು ಮರಳಿ ಪಡೆಯಲು ಗ್ರಿಫಿತ್ ತನ್ನನ್ನು ನಂಬಿ ಬಂದ ಇಡೀ ದಂಡನ್ನು ದೆವ್ವಗಳಿಗೆ ಬಲಿ ಕೊಡುತ್ತಾನೆ. ದೇವತೆಯಂಥ ಹೊಸ ರೂಪ ಪಡೆದು ಅವನು ಮಾಡುವ ಮೊದಲ ಕೆಲಸ, ಗಟ್ಸ್‌ನ ಕಣ್ಣೆದುರೇ ಕಾಸ್ಕಾಳ ಮೇಲೆ ಅತ್ಯಾಚಾರ.

ಹದಿಮೂರನೇ ಸಂಪುಟ ಮುಚ್ಚಿ ಗೆಳೆಯನಿಗೆ ವಾಪಸ್ ಕೊಟ್ಟೆ. ಮುಂದಿನದು ಬೇಡ ಎಂದೆ. ಪುಟ ತುಂಬಿದ ಆ ಚಿತ್ರಗಳ ಕೌಶಲವೇ ನನಗೆ ಅಸಹ್ಯವಾಗಿತ್ತು. ಕಾಸ್ಕಾಳ ನೋವನ್ನು ನಾವು ಅವಳ ಕಣ್ಣಿನಿಂದ ನೋಡುವುದಿಲ್ಲ, ಗಟ್ಸ್‌ನ ಕಣ್ಣಿನಿಂದ ನೋಡುತ್ತೇವೆ. ಅವಳ ದೇಹ ಇಬ್ಬರು ಗಂಡಸರ ಜಗಳದ ಮೈದಾನವಾಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ: ಗ್ರಹಣದ ನಂತರ ಅವಳು ಮಾತನ್ನೂ ನೆನಪನ್ನೂ ಕಳೆದುಕೊಂಡು ಮಗುವಿನಂತಾಗುತ್ತಾಳೆ. ಸೇಡಿನ ಕಥೆಗೆ ನೆಪ ಒದಗಿಸಿ ಬದಿಗೆ ಸರಿಯುವ ಹೆಣ್ಣನ್ನು ನಾವು ಎಷ್ಟು ಕಥೆಗಳಲ್ಲಿ ಕಂಡಿಲ್ಲ? ಇದೂ ಅದೇ ಎಂದುಕೊಂಡೆ.

ಮೂರು ವಾರದ ನಂತರ ಮತ್ತೆ ಕೈಗೆತ್ತಿಕೊಂಡದ್ದು ಅನುಮಾನದಿಂದಲೇ. ಇಷ್ಟೆಲ್ಲ ಆಗಿದ್ದು ಹದಿಮೂರನೇ ಸಂಪುಟದಲ್ಲಾದರೆ ಉಳಿದವುಗಳಲ್ಲಿ ಏನಿದೆ? 'ಬರ್ಸರ್ಕ್' ಬಗ್ಗೆ ನಾನು ಕೇಳಿದ್ದ ಹೊಗಳಿಕೆಯೆಲ್ಲ ಗ್ರಹಣಕ್ಕೇ ನಿಲ್ಲುತ್ತಿತ್ತು. 1997ರ 25 ಕಂತುಗಳ ಅನಿಮೇಷನ್ ಸರಣಿ ಅಲ್ಲಿಗೇ ಮುಗಿಯಿತು. 2012-13ರಲ್ಲಿ ಬಂದ ಮೂರು ಚಲನಚಿತ್ರಗಳೂ ಅಲ್ಲಿಗೇ ಮುಗಿದವು. ಮುಂದಿನ ಭಾಗಕ್ಕೆ ಕೈಹಾಕಿದ 2016-17ರ ಸರಣಿಯನ್ನು ಅಭಿಮಾನಿಗಳೇ ಮೆಚ್ಚಲಿಲ್ಲ. ದುರಂತವೇ ಕಥೆಯ ಶಿಖರ, ಉಳಿದದ್ದು ಇಳಿಜಾರು ಎಂಬ ನಂಬಿಕೆ ಇದರ ಹಿಂದಿದ್ದಂತೆ ಕಾಣುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಪಂಚಾಂಗಗಳು ಗ್ರಹಣಕ್ಕೆ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲ ಎಂದು ಗಂಟೆ ನಿಮಿಷ ಕೊಡುತ್ತವೆ. ಮಿಯುರಾ ಅವರ ಗ್ರಹಣಕ್ಕೆ ಮೋಕ್ಷಕಾಲವಿಲ್ಲ. ಬದುಕುಳಿದ ಇಬ್ಬರ ಮೈಮೇಲೂ ಬಲಿಯ ಮುದ್ರೆಯಿದೆ. ಪ್ರತಿ ರಾತ್ರಿ ಅದು ಪ್ರೇತಗಳನ್ನು ಕರೆಯುತ್ತದೆ. ನಡೆದುಹೋದ ಒಂದು ಘಟನೆ ದಿನಾ ರಾತ್ರಿ ಮತ್ತೆ ಬರುವುದು ಎಂದರೇನು ಎಂಬುದನ್ನು ಈ ಫ್ಯಾಂಟಸಿ ಅಕ್ಷರಶಃ ಚಿತ್ರವಾಗಿಸಿದೆ. ಇದರ ನಿಜವಾದ ವಸ್ತು ಗ್ರಹಣವಲ್ಲ, ಗ್ರಹಣದ ಮರುದಿನ.

ಆ ಮರುದಿನ ಗಟ್ಸ್ ಏನು ಮಾಡುತ್ತಾನೆ? ಕಾಸ್ಕಾಳನ್ನು ಕಮ್ಮಾರ ಗೋಡೋನ ಆಸರೆಯಲ್ಲಿ ಬಿಟ್ಟು ಸೇಡಿಗೆ ಹೊರಡುತ್ತಾನೆ. ಮೊದಲ ಸಂಪುಟದಲ್ಲಿ ನಾವು ಕಂಡದ್ದು ಆ ಎರಡು ವರ್ಷಗಳ ಗಟ್ಸ್‌ನನ್ನು. ಅವನು ಮರಳಿ ಬಂದಾಗ ಮುದುಕ ಗೋಡೋ ಮುಲಾಜಿಲ್ಲದೆ ಬೈಯುತ್ತಾನೆ: ದುಃಖವನ್ನು ನೇರವಾಗಿ ನೋಡಲಾಗದೆ ದ್ವೇಷದೊಳಗೆ ಓಡಿಹೋದವನು ನೀನು, ನಿನ್ನ ಜೊತೆ ಉಳಿದಿದ್ದ ಒಬ್ಬಳನ್ನೂ ಬಿಟ್ಟುಹೋದೆ ಎಂಬುದು ಅವನ ಆರೋಪ. ಸೇಡಿನ ಕಥೆ ತನ್ನ ನಾಯಕನ ಸೇಡನ್ನೇ ಹೇಡಿತನ ಎನ್ನುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಆರಂಭದಲ್ಲಿ ನನಗೆ ಹಿಡಿಸದ ಆ ಕ್ರೌರ್ಯವನ್ನು ಲೇಖಕರೂ ಒಪ್ಪಿರಲಿಲ್ಲ ಎಂದು ತಿಳಿಯಲು ಹದಿನೇಳನೇ ಸಂಪುಟದವರೆಗೆ ಬರಬೇಕಾಯಿತು.

ಆಮೇಲಿನ ಪಯಣದಲ್ಲಿ, ಹಿಮದ ನಡುವೆ, ಗಟ್ಸ್ ತನ್ನೊಳಗಿನ ಮೃಗಕ್ಕೆ ಸೋತು ಕಾಸ್ಕಾಳ ಮೇಲೇ ಎರಗುತ್ತಾನೆ. ಕೃತಿ ಅದಕ್ಕೆ ಕ್ಷಮೆ ಕೊಡುವುದಿಲ್ಲ. ಅವನಿಗೆ ಒಂದು ಮಾತ್ರ ಅರ್ಥವಾಗುತ್ತದೆ: ತಾನೊಬ್ಬನೇ ಅವಳನ್ನು ಕಾಯಲಾರೆ, ತನ್ನಿಂದಲೂ ಅವಳನ್ನು ಕಾಯಬೇಕಾಗಿದೆ. ಹಾಗಾಗಿ ಜೊತೆಗಾರರು ಸೇರುತ್ತಾರೆ. ಒಂದು ಕಾಲದಲ್ಲಿ ಧರ್ಮದ ಹೆಸರಲ್ಲಿ ಜನರನ್ನು ಸುಡಿಸುತ್ತಿದ್ದ ಫರ್ನೀಸ್ ಈಗ ಕಾಸ್ಕಾಳಿಗೆ ಉಣಿಸುತ್ತಾಳೆ, ಅವಳ ಹಿಂದೆ ಓಡುತ್ತಾಳೆ. ಕೊನೆಗೆ ಎಲ್ಫ್‌ಗಳ ದ್ವೀಪದಲ್ಲಿ ಕಾಸ್ಕಾಳ ಕನಸಿನೊಳಗೆ ಇಳಿಯುವವರು ಫರ್ನೀಸ್ ಮತ್ತು ಪುಟ್ಟ ಮಾಟಗಾತಿ ಶೀರ್ಕಾ. ಅಲ್ಲಿ ಒಡೆದ ಗೊಂಬೆಯೊಂದನ್ನು ಶವಪೆಟ್ಟಿಗೆಯಲ್ಲಿಟ್ಟು ಗಾಯಗೊಂಡ ನಾಯಿಯೊಂದು ಎಳೆದುಕೊಂಡು ಹೋಗುತ್ತಿದೆ. ಆ ನಾಯಿ ಗಟ್ಸ್. ಚೂರುಗಳನ್ನು ಹುಡುಕಿ ಜೋಡಿಸುವವರು ಹೆಂಗಸರು. ನಾಯಕ ಹೊರಗೆ ಕಾಯುತ್ತಾನೆ. ಕಾಸ್ಕಾ ಎಚ್ಚರಗೊಳ್ಳುತ್ತಾಳೆ, ಮಾತಾಡುತ್ತಾಳೆ. ಆದರೆ ಗಟ್ಸ್‌ನ ಮುಖ ಕಂಡದ್ದೇ ಗ್ರಹಣ ಕಣ್ಣೆದುರು ಬಂದು ಚೀರುತ್ತಾಳೆ. ಇಷ್ಟು ದೂರ ನಡೆದು ಬಂದವನಿಗೆ ಹತ್ತಿರ ಹೋಗುವ ಭಾಗ್ಯವಿಲ್ಲ. ಗುಣವಾಗುವುದೆಂದರೆ ಮೊದಲಿನಂತಾಗುವುದಲ್ಲ ಎಂಬುದನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಹೇಳಿದ ಫ್ಯಾಂಟಸಿಯನ್ನು ನಾನು ಓದಿಲ್ಲ.

ಇಲ್ಲಿ ನನ್ನ ಸಂಶೋಧನೆಯ ಪ್ರಶ್ನೆ ಎದುರಾಯಿತು. ಕಾಸ್ಕಾ ಮಾತು ಕಳೆದುಕೊಂಡದ್ದು 1990ರ ದಶಕದ ನಡುವಿನಲ್ಲಿ ಬಂದ ಕಂತುಗಳಲ್ಲಿ. ಅವಳು ಮತ್ತೆ ಮಾತಾಡಿದ್ದು 2018ರಲ್ಲಿ. ಎರಡು ದಶಕ! ನಡುವೆ ನಾನು ತೆಗೆದುಕೊಂಡದ್ದು ಎರಡು ತಿಂಗಳು, ಅದರಲ್ಲಿ ಮೂರು ವಾರ ಮುನಿಸು. ಹಳೆಯ ಓದುಗರನ್ನು ವರ್ಷಗಟ್ಟಲೆ ಸತಾಯಿಸಿದ ಸಮುದ್ರಯಾನವನ್ನು ನಾನು ಒಂದು ಭಾನುವಾರ ಮಧ್ಯಾಹ್ನ ಮುಗಿಸಿದೆ. ಹಾಗಾಗಿ ನನ್ನ ಮೆಚ್ಚುಗೆಯ ಬಗ್ಗೆಯೇ ನನಗೆ ಅನುಮಾನ. ಪುಸ್ತಕ ಮುಚ್ಚಿಟ್ಟ ನನಗೆ ಕಾಸ್ಕಾಳ ಮೌನ ಒಂದು ಅಧ್ಯಾಯ. 1997ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಓದುಗಳಿಗೆ ಅದು ತನ್ನ ಅರ್ಧ ಆಯುಷ್ಯ. ಕಥೆ ಅವಳನ್ನು ಮರೆತೇಬಿಟ್ಟಿದೆ ಎಂದು ಆಕೆ ಸಿಟ್ಟಾಗಿದ್ದರೆ ಆ ಸಿಟ್ಟು ನ್ಯಾಯವಾದದ್ದು. ಕೊನೆಯಲ್ಲಿ ಬಂದ ಉತ್ತರ ನಡುವಿನ ವರ್ಷಗಳನ್ನು ಅಳಿಸುವುದಿಲ್ಲ. ಹದಿಮೂರನೇ ಸಂಪುಟದ ಆ ಪುಟಗಳ ಬಗೆಗಿನ ನನ್ನ ಆಕ್ಷೇಪವೂ ಹಾಗೆಯೇ ಉಳಿದಿದೆ. ಎರಡನ್ನೂ ಜೊತೆಗಿಟ್ಟುಕೊಂಡೇ ಈ ಕೃತಿ ದೊಡ್ಡದು ಎನ್ನುತ್ತೇನೆ.

ಮಿಯುರಾ ತೀರಿಕೊಂಡ ಮೇಲೆ 2022ರ ಜೂನ್‌ನಲ್ಲಿ ಕಥೆ ಮತ್ತೆ ಶುರುವಾಯಿತು. ಚಿತ್ರ ಬರೆಯುವವರು ಅವರ ಸಹಾಯಕರ ತಂಡ, ಸ್ಟುಡಿಯೋ ಗಾಗಾ. ಮೇಲ್ವಿಚಾರಣೆ ಹೈಸ್ಕೂಲಿನ ಕಾಲದ ಗೆಳೆಯ, ಸ್ವತಃ ಮಾಂಗಾ ಕಲಾವಿದರಾದ ಕೋಜಿ ಮೋರಿ ಅವರದು. ವರ್ಷಗಳ ಹಿಂದೆಯೇ ಮಿಯುರಾ ಇವರಿಗೆ ಇಡೀ ಕಥೆಯನ್ನು ಹೇಳಿದ್ದರಂತೆ. ಗೆಳೆಯ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ, ಸರಿಯಾಗಿ ನೆನಪಿಲ್ಲದ್ದನ್ನು ತುಂಬುವುದಿಲ್ಲ ಎಂಬುದು ಮೋರಿ ಅವರ ಮಾತು. ನಮಗೆ ಇಂಥದ್ದು ಹೊಸದಲ್ಲ. ಬಾಣನ 'ಕಾದಂಬರಿ'ಯನ್ನು ಮುಗಿಸಿದವನು ಅವನ ಮಗ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ಪೂರ್ತಿಮಾಡಿದವನು ತಿಮ್ಮಣ್ಣ ಕವಿ. ತಿಮ್ಮಣ್ಣನನ್ನು ನಾವು ಪರೀಕ್ಷೆಗಾಗಿ ಒಂದು ಸಾಲಿನಲ್ಲಿ ನೆನಪಿಟ್ಟುಕೊಂಡು ಮುಂದೆ ಹೋಗುತ್ತೇವೆ. ಅವನ ಕೆಲಸ ಎಷ್ಟು ಒಂಟಿತನದ್ದು ಎಂದು ಮೊದಲ ಸಲ ಯೋಚಿಸಿದೆ.

ಹೊಸ ಅಧ್ಯಾಯಗಳಲ್ಲಿ ಗೆರೆಗಳ ಆ ಹಳೆಯ ದಟ್ಟಣೆ ನನಗೆ ಕಾಣಲಿಲ್ಲ. ಕಥೆ ಅವಸರದಲ್ಲಿ ನಡೆದಂತೆ, ಮಾತು ಕಡಿಮೆಯಾದಂತೆ ಅನಿಸಿತು. ಆದರೂ ಗೆಳೆಯನನ್ನು ಕಳೆದುಕೊಂಡವರು ಅವನ ಭಾರವನ್ನು ಹಂಚಿಕೊಂಡು ನಡೆಯುವುದು ಈ ಕೃತಿಯ ಒಳಗೂ ಇರುವ ಸಂಗತಿಯೇ.

ಮೊನ್ನೆ ಕೊನೆಯ ಸಂಪುಟ ಹಿಂತಿರುಗಿಸುವಾಗ, ಮುಂದಿನದು ಯಾವಾಗ ಎಂದು ಗೆಳೆಯನನ್ನು ಕೇಳಿದೆ. ಅವನು ನಕ್ಕ. ಇನ್ನು ನಾನೂ ಎಲ್ಲರ ಹಾಗೆ ಕಾಯಬೇಕು. ಮರುದಿನ ಗ್ರಂಥಾಲಯಕ್ಕೆ ಹೋದಾಗ ಕಾದಂಬರಿಯ ಕಂತುಗಳ ಬದಲು ಅದೇ ಸಂಚಿಕೆಗಳ ಓದುಗರ ಪತ್ರಗಳ ಪುಟವನ್ನು ಮೊದಲು ತೆರೆದೆ. ಇಷ್ಟು ದಿನ ಅವನ್ನು ಹಾರಿಸಿ ಮುಂದೆ ಹೋಗುತ್ತಿದ್ದೆ.